ಗೆಳೆಯನಿಗೊಂದು ಪತ್ರ: ‘1917’ ನೋಡು

ಪ್ರೀತಿಯ ಗೆಳೆಯ,

ಯುದ್ಧದ ಸಿನಿಮಾ ಅಂದ್ರೆ ಬರೀ ಗುಂಡು, ಬಾಂಬು, ರಕ್ತ, ನನಗೆ ಬೇಡ ಅಂತ ನೀನು ಯಾವಾಗಲೂ ಹೇಳುತ್ತೀಯ. ಅದಕ್ಕೇ ಈ ಪತ್ರ. ಸ್ಯಾಮ್ ಮೆಂಡಿಸ್ 2019ರಲ್ಲಿ ಮಾಡಿದ ‘1917’ ಅನ್ನು ನೀನು ನೋಡಲೇಬೇಕು. ಕತೆ ಪೂರ್ತಿ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡ. ಮುಂದೇನಾಗುತ್ತದೆ ಅಂತ ಗೊತ್ತಿದ್ದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೊದಲನೇ ಮಹಾಯುದ್ಧದ ಕಾಲ. ಫ್ರಾನ್ಸಿನ ಉತ್ತರ ಭಾಗ, 1917ರ ಏಪ್ರಿಲ್ 6. ಬ್ಲೇಕ್, ಸ್ಕೋಫೀಲ್ಡ್ ಅಂತ ಇಬ್ಬರು ಬ್ರಿಟಿಷ್ ಸೈನಿಕರು, ಚಿಕ್ಕ ವಯಸ್ಸಿನವರು, ಹುಲ್ಲಿನ ಮೇಲೆ ಅಡ್ಡಾಗಿದ್ದಾರೆ. ಒಬ್ಬನನ್ನು ಜೊತೆಗೆ ಕರ್ಕೊಂಡು ಬಾ ಅಂತ ಬ್ಲೇಕ್‌ಗೆ ಆದೇಶ ಬರುತ್ತದೆ. ಪಕ್ಕದಲ್ಲಿ ಸ್ಕೋಫೀಲ್ಡ್ ಇದ್ದ, ಅವನನ್ನೇ ಎಬ್ಬಿಸಿದ. ಅಷ್ಟೇ. ಯಾವುದೋ ಸಣ್ಣ ಕೆಲಸ ಇರಬೇಕು ಅಂದುಕೊಂಡಿದ್ದ. ಆದರೆ ಜರ್ಮನ್ನರು ಹಿಂದಕ್ಕೆ ಸರಿದದ್ದೇ ಒಂದು ಬಲೆ. ಟೆಲಿಫೋನ್ ತಂತಿ ಕಡಿದುಹೋಗಿದೆ. ಮರುದಿನ ಬೆಳಗಿನ ದಾಳಿ ನಿಲ್ಲಿಸಿ ಅನ್ನುವ ಪತ್ರವನ್ನು ಮುಂದೆ ಹೋಗಿರುವ ಬ್ರಿಟಿಷ್ ಪಡೆಗೆ ಇವರಿಬ್ಬರೇ ನಡೆದು ಹೋಗಿ ತಲುಪಿಸಬೇಕು. ತಡವಾದರೆ 1,600 ಜನರ ಜೀವ ಹೋಗುತ್ತದೆ. ಅವರಲ್ಲಿ ಬ್ಲೇಕ್‌ನ ಅಣ್ಣನೂ ಇದ್ದಾನೆ.

ಶುರುವಿನಲ್ಲಿ ಇವರದ್ದೇನು ಪ್ರಾಣಸ್ನೇಹ ಅಂತ ತೋರಿಸುವುದಿಲ್ಲ, ನನಗೆ ಇಷ್ಟವಾದದ್ದೇ ಅದು. ಜರ್ಮನ್ನರು ಬಿಟ್ಟುಹೋದ ಬಂಕರಿನಲ್ಲಿ ಇಲಿಯೊಂದು ತಂತಿ ಎಳೆದು ಸ್ಫೋಟವಾಗುತ್ತದೆ, ಸ್ಕೋಫೀಲ್ಡ್ ಕಲ್ಲುಮಣ್ಣಿನಡಿ ಹೂತುಹೋಗುತ್ತಾನೆ. ಕಣ್ಣು ಬಿಡಲಾಗದವನನ್ನು ಬ್ಲೇಕ್ ಕೈ ಹಿಡಿದು ಹೊರಗೆ ಕರೆತರುತ್ತಾನೆ. ಹೊರಗೆ ಬಂದ ಮೇಲೆ ಸ್ಕೋಫೀಲ್ಡ್ ಥ್ಯಾಂಕ್ಸ್ ಹೇಳುತ್ತಾನಾ? ಇಲ್ಲ, ನನ್ನನ್ನೇ ಯಾಕೆ ಆರಿಸಿಕೊಂಡೆ ಅಂತ ಸಿಟ್ಟಾಗುತ್ತಾನೆ. ನಿಜವಾದ ಸ್ನೇಹ ಹೀಗೇ ಅಲ್ವಾ? ಹತ್ತಿರ ಇದ್ದವನು ಜೊತೆಯಾದ, ಜೊತೆಯಾದವನನ್ನು ಬಿಡಲಾಗಲಿಲ್ಲ.

ಇಡೀ ಸಿನಿಮಾ ಒಂದೇ ಶಾಟ್‌ನಲ್ಲಿ ತೆಗೆದ ಹಾಗಿದೆ ಅಂತ ಎಲ್ಲರೂ ಮಾತಾಡಿದರು. ಉದ್ದುದ್ದ ಶಾಟ್‌ಗಳನ್ನು ಬೆಸುಗೆ ಕಾಣದ ಹಾಗೆ ಸೇರಿಸಿದ್ದಾರೆ. ಛಾಯಾಗ್ರಾಹಕ ರೋಜರ್ ಡೀಕಿನ್ಸ್‌ಗೆ ಆಸ್ಕರ್ ಕೂಡ ಬಂತು. ಅದು ಸುಮ್ನೆ ಕಸರತ್ತಲ್ಲ ಕಣೋ. ಕಟ್ ಇಲ್ಲದ್ದರಿಂದ ನಾವೂ ಅವರಿಬ್ಬರ ಜೊತೆ ಮೂರನೆಯವರಾಗಿ ನಡೆಯುತ್ತೇವೆ. ಹಾಗಾಗಿ ಅರ್ಧ ದಾರಿಯಲ್ಲಿ ಒಬ್ಬ ಹೋದಾಗ, ಹೋದದ್ದು ನಮ್ಮ ಜೊತೆಯವನೇ.

ಹೌದು, ಬ್ಲೇಕ್ ಸಾಯುತ್ತಾನೆ. ಬಿದ್ದು ಉರಿಯುತ್ತಿರುವ ವಿಮಾನದಿಂದ ಇಬ್ಬರೂ ಸೇರಿ ಜರ್ಮನ್ ಪೈಲಟ್‌ನನ್ನು ಎಳೆದು ಹಾಕುತ್ತಾರೆ. ಇವನ ಸಂಕಟ ಮುಗಿಸಿಬಿಡೋಣ ಅನ್ನುತ್ತಾನೆ ಸ್ಕೋಫೀಲ್ಡ್. ಬೇಡ, ನೀರು ತಾ ಅನ್ನುತ್ತಾನೆ ಬ್ಲೇಕ್. ಸ್ಕೋಫೀಲ್ಡ್ ನೀರಿಗೆ ಹೋದ ಆ ಗಳಿಗೆಯಲ್ಲಿ ಪೈಲಟ್ ಬ್ಲೇಕ್‌ನ ಹೊಟ್ಟೆಗೆ ಚಾಕು ಹಾಕುತ್ತಾನೆ.

ಮುಂದಿನ ಕೆಲವು ನಿಮಿಷ ನಾನು ಅಲ್ಲಾಡದೆ ಕೂತಿದ್ದೆ. ಬ್ಲೇಕ್‌ನ ಮುಖ ನಮ್ಮ ಕಣ್ಣೆದುರೇ ಬಿಳುಚಿಕೊಳ್ಳುತ್ತಾ ಹೋಗುತ್ತದೆ. ನಾನು ಸಾಯ್ತಿದ್ದೀನಾ ಅಂತ ಕೇಳುತ್ತಾನೆ. ಸ್ಕೋಫೀಲ್ಡ್ ಸುಳ್ಳು ಹೇಳುವುದಿಲ್ಲ, ಹೌದು ಅನ್ನುತ್ತಾನೆ. ದಾರಿ ಗೊತ್ತಾ ಅಂತ ಬ್ಲೇಕ್ ಕೇಳಿದಾಗ, ಯಾವ ದಿಕ್ಕಿಗೆ ಹೋಗಿ, ಯಾವ ಊರು ದಾಟಿ, ಯಾವ ಕಾಡು ಸೇರಬೇಕು ಅಂತ ಒಂದೊಂದಾಗಿ ಹೇಳುತ್ತಾನೆ. ಅಣ್ಣನನ್ನು ಹುಡುಕುತ್ತೇನೆ, ನಿನ್ನ ಹಾಗೇ ಇರುತ್ತಾನೆ, ಸ್ವಲ್ಪ ದೊಡ್ಡವನು ಅಷ್ಟೇ ಅಂತ ಸಮಾಧಾನ ಮಾಡುತ್ತಾನೆ. ಅಳು ಇಲ್ಲ, ಭಾಷಣ ಇಲ್ಲ. ಸಾಯುತ್ತಿರುವವನಿಗೆ ಒಪ್ಪಿಸುತ್ತಿರುವುದು ಒಂದು ದಾರಿ. ಸ್ನೇಹದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತುಕತೆಯನ್ನು ಯಾವ ಸಿನಿಮಾದಲ್ಲೂ ನಾನು ಕೇಳಿಲ್ಲ.

ಅಲ್ಲಿಂದಾಚೆಗೆ ಸ್ಕೋಫೀಲ್ಡ್ ನಡೆಯುವುದು ಸೈನ್ಯಕ್ಕೋ ಪದಕಕ್ಕೋ ಅಲ್ಲ. ಪದಕದ ಮೇಲೆ ಅವನಿಗೆ ಆಸೆಯೇ ಇಲ್ಲ, ಹಿಂದೆ ಸಿಕ್ಕಿದ್ದನ್ನು ಒಂದು ಬಾಟಲಿ ವೈನ್‌ಗೆ ಕೊಟ್ಟುಬಿಟ್ಟವನು. ಲಾರಿ ಕೆಸರಿನಲ್ಲಿ ಹೂತರೆ ತಳ್ಳಿ ತಳ್ಳಿ ಅಂತ ಹುಚ್ಚನ ಹಾಗೆ ಕೂಗುತ್ತಾನೆ. ನದಿಗೆ ಬಿದ್ದು ತೇಲುವಾಗ ನೀರಿನ ಮೇಲೆ ಚೆರ್ರಿ ಹೂವಿನ ಎಸಳು ಉದುರುತ್ತವೆ. ಸಾಯುವ ಸ್ವಲ್ಪ ಮುಂಚೆ ಬ್ಲೇಕ್, ಜರ್ಮನ್ನರು ಕಡಿದುಹಾಕಿದ್ದ ಚೆರ್ರಿ ಮರಗಳನ್ನು ನೋಡಿ ಅಮ್ಮನ ತೋಟ ನೆನೆಸಿಕೊಂಡಿರುತ್ತಾನೆ. ಹಿಂದೆ ಸರಿಯುವಾಗ ಜರ್ಮನ್ ಸೈನ್ಯ ಹಣ್ಣಿನ ಮರ ಕಡಿದದ್ದು, ಬಾವಿ ಕೆಡಿಸಿದ್ದು ಇತಿಹಾಸದಲ್ಲೂ ನಡೆದದ್ದೇ.

ಕೊನೆಗೆ ಅಣ್ಣ ಸಿಗುತ್ತಾನೆ. ಸ್ಕೋಫೀಲ್ಡ್ ಬ್ಲೇಕ್‌ನ ಉಂಗುರಗಳನ್ನು ಅವನ ಕೈಗಿಟ್ಟು, ನಿಮ್ಮ ತಾಯಿಗೆ ಒಂದು ಪತ್ರ ಬರೆಯಲಾ ಅಂತ ಅನುಮತಿ ಕೇಳುತ್ತಾನೆ. ಮಗ ಸಾಯುವಾಗ ಒಂಟಿಯಾಗಿರಲಿಲ್ಲ ಅಂತ ಆಕೆಗೆ ತಿಳಿಯಬೇಕು.

ಮೆಂಡಿಸ್‌ನ ತಾತ ಆಲ್ಫ್ರೆಡ್ ಮೆಂಡಿಸ್ ಆ ಯುದ್ಧದಲ್ಲಿ ಸಂದೇಶ ಹೊತ್ತು ಓಡಾಡಿದವರು. ಸಿನಿಮಾವನ್ನು ಅವರಿಗೇ ಅರ್ಪಿಸಿದ್ದಾರೆ.

ನೋಡಿದ ಮೇಲೆ ನನಗೆ ಒಂದು ಮಾತು ಬರೆ. ಆ ಪೈಲಟ್‌ಗೆ ನೀರು ಕೊಡೋಣ ಅಂದದ್ದು ಬ್ಲೇಕ್‌ನ ತಪ್ಪು ಅಂತ ನಿನಗೆ ಅನ್ನಿಸುತ್ತಾ? ನನಗೆ ಅನ್ನಿಸಲಿಲ್ಲ. ಆ ಬುದ್ಧಿ ಇದ್ದದ್ದಕ್ಕೇ ಅವನು ಬಂಕರಿನಲ್ಲಿ ಸ್ಕೋಫೀಲ್ಡ್‌ನನ್ನೂ ಬಿಟ್ಟು ಓಡಲಿಲ್ಲ.

ನಿನ್ನ ಉತ್ತರಕ್ಕೆ ಕಾಯುತ್ತಿರುವ,
ನಿನ್ನ ಗೆಳೆಯ