ಶಾಕಬ್ಸರ್‌ಗೆ ಹೂಂ ಅನ್ನುವ ಮೊದಲು

ಪುಟ್ಟೀ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಗಾಡಿಯ ಸದ್ದು ಸರಿಯಾಗಿ ಬಂದಿಲ್ಲ, ನಿನ್ನ ಗೊಣಗಾಟ ಮಾತ್ರ ಚೆನ್ನಾಗಿ ಬಂದಿದೆ. ಪುಣೆಯ ಸಿಂಹಗಡ ರಸ್ತೆಯಲ್ಲಿ ಮುಂದಿನ ಎಡಚಕ್ರದ ಹತ್ತಿರ ಟಕ್ ಟಕ್ ಅನ್ನುತ್ತಿದೆ, ಗ್ಯಾರೇಜಿನವನು ಎರಡೂ ಶಾಕಬ್ಸರ್ ಬದಲಿಸಬೇಕು ಅಂದ, ಗಣಪತಿ ಹಬ್ಬಕ್ಕೆ ಬೆಳಗಾವಿಗೆ ಹೋಗುವುದಿದೆ, ಹೂಂ ಅಂದುಬಿಡಲಾ ಅಂತ ಕೇಳಿದ್ದೀಯ. ಬೇಡ. ಇನ್ನೂ ಬೇಡ.

ನಾನೂ ಹಾಗೇ ಹೂಂ ಅಂದವನು. ಡೊಂಬಿವಲಿಗೆ ಬಂದ ಹೊಸದರಲ್ಲಿ ಎರಡೂ ಶಾಕಬ್ಸರ್ ಹೊಸದು ಹಾಕಿಸಿ ಹೊರಗೆ ಬಂದೆ, ಮೊದಲ ಗುಂಡಿಯಲ್ಲೇ ಮತ್ತೆ ಟಕ್. ಕೊನೆಗೆ ನೋಡಿದರೆ ಸ್ಟೆಬಿಲೈಸರ್ ಬಾರಿನ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಗೇಣುದ್ದದ ಒಂದು ಲಿಂಕ್ ರಾಡ್. ನಿನ್ನ ದೊಡ್ಡಮ್ಮ ಆ ಬಿಲ್ಲನ್ನು ಇವತ್ತಿಗೂ ನೆನಪಿಸುತ್ತಾಳೆ.

ಶಾಕಬ್ಸರ್ ಹೋದರೆ ಸಾಮಾನ್ಯವಾಗಿ ಎಣ್ಣೆ ಜಿನುಗಿ ಮೈ ಒದ್ದೆಯಾಗಿರುತ್ತದೆ, ಬಾನೆಟ್ ಮೂಲೆ ಒತ್ತಿ ಬಿಟ್ಟರೆ ಗಾಡಿ ಎರಡು ಮೂರು ಸಲ ಕುಣಿಯುತ್ತದೆ. ಇದ್ಯಾವುದನ್ನೂ ನೋಡದೆ ಬರೀ ಸದ್ದಿಗೇ ಶಾಕಬ್ಸರ್ ಅಂದರೆ ಅದು ಊಹೆ ಅಷ್ಟೇ.

ಮೊದಲು ವೀಲ್ ನಟ್ ಬಿಗಿಯಾಗಿವೆಯಾ ನೋಡು. ಗ್ಲೋವ್ ಬಾಕ್ಸ್ ಖಾಲಿ ಮಾಡು. ನಗಬೇಡ, ನಿಮ್ಮಪ್ಪ ಒಮ್ಮೆ ಅದರೊಳಗಿದ್ದ ಸ್ಟೀಲ್ ಚಮಚದ ಸದ್ದಿಗೆ ಗ್ಯಾರೇಜಿಗೆ ಹೋಗಿದ್ದ.

ಆಮೇಲೆ ಸದ್ದು ಯಾವಾಗ ಬರುತ್ತದೆ ಅಂತ ಕೇಳಿಸಿಕೋ. ಬೆಳಿಗ್ಗೆ ಟ್ರಾಫಿಕ್ ಇಲ್ಲದಾಗ, ಕಿಟಕಿ ಇಳಿಸಿ, ಎಸಿ ಹಾಡು ಎಲ್ಲ ಆಫ್ ಮಾಡಿ, ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗು. ಎರಡೂ ಚಕ್ರ ಒಟ್ಟಿಗೆ ಹತ್ತುವ ಹಂಪ್ಸ್‌ನಲ್ಲಿ ಸುಮ್ಮನಿದ್ದು, ಒಂದೇ ಚಕ್ರ ಇಳಿಯುವ ಸಣ್ಣ ಗುಂಡಿಯಲ್ಲಿ ಟಕ್ ಅಂದರೆ ಲಿಂಕ್ ರಾಡಿನ ಮೇಲೆ ಅನುಮಾನ ಪಡು. ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ಒಂದು ಚಕ್ರ ಮಾತ್ರ ಎದ್ದಾಗ ತಿರುಚಿಕೊಳ್ಳುತ್ತದೆ, ಆಗಲೇ ಲಿಂಕಿನ ಮೇಲೆ ಜಗ್ಗಾಟ ಬೀಳುವುದು. ಬ್ರೇಕ್ ಹಾಕಿದಾಗ, ರಿವರ್ಸ್‌ನಿಂದ ಮುಂದಕ್ಕೆ ಹೊರಟಾಗ ಧಡ್ ಅಂದರೆ ಲೋವರ್ ಆರ್ಮ್ ಬುಷ್, ಅಂದರೆ ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ ರಬ್ಬರ್, ಇರಬಹುದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟಂಯ್ ಅಂದರೆ ಸ್ಟ್ರಟ್ ಮೌಂಟ್, ಶಾಕಬ್ಸರಿನ ಮೇಲ್ತುದಿ ಕೂರುವ ಜಾಗ. ಪೂರ್ತಿ ತಿರುಗಿಸಿ ಗಾಡಿ ಓಡುವಾಗ ಕಟ ಕಟ ಬಂದರೆ ಸಸ್ಪೆನ್ಷನ್ ಬಿಡು, ಆಕ್ಸಲ್ ಜಾಯಿಂಟ್ ನೋಡಿಸು. ಹಾಳು ರಸ್ತೆಯಲ್ಲಿ ಬ್ರೇಕ್ ಪೆಡಲ್ ಹಗುರವಾಗಿ ಒತ್ತಿದಾಗ ಸದ್ದು ಮಾಯವಾದರೆ ಬ್ರೇಕ್ ಪ್ಯಾಡೋ ಕ್ಯಾಲಿಪರ್ರೋ ಅಲ್ಲಾಡುತ್ತಿದೆ.

ಗ್ಯಾರೇಜಿನಲ್ಲಿ ಜಾಸ್ತಿ ತಪ್ಪುವುದು ಒಂದು ಕಡೆ. ಒಂದು ಬದಿಯ ಚಕ್ರ ಮಾತ್ರ ಮೇಲೆತ್ತಿ ಲಿಂಕ್ ರಾಡ್ ಹಿಡಿದು ಅಲ್ಲಾಡಿಸುತ್ತಾರೆ, ಟೈಟ್ ಆಗೇ ಇದೆ ಅಂತಾರೆ. ಆ ಒಂದೇ ಚಕ್ರ ಕೆಳಗೆ ಜೋತುಬಿದ್ದಾಗ ಬಾರ್ ಆ ಲಿಂಕನ್ನು ಎಳೆದು ಹಿಡಿದಿರುತ್ತದೆ, ಸವೆದಿದ್ದರೂ ಅಲ್ಲಾಡುವುದಿಲ್ಲ! ಅದನ್ನು ನಾಲ್ಕೂ ಚಕ್ರ ನೆಲದ ಮೇಲಿದ್ದಾಗಲೇ ನೋಡಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಎಂಜಿನ್ ಆಫ್ ಮಾಡು, ರೂಮ್‌ಮೇಟ್ ಗಾಡಿಯನ್ನು ಪಕ್ಕದಿಂದ ತೂಗಲಿ, ನೀನು ಲಿಂಕಿನ ತುದಿಗೆ ಎರಡು ಬೆರಳು ಇಡು. ಹೋಗಿದ್ದರೆ ಬೆರಳಿಗೇ ಗೊತ್ತಾಗುತ್ತದೆ.

ಚಕ್ರ ಎತ್ತಿ ನೋಡುವುದು ಬಾಲ್ ಜಾಯಿಂಟಿಗೆ, ಅಂದರೆ ಚಕ್ರವನ್ನು ಲೋವರ್ ಆರ್ಮಿಗೆ ಜೋಡಿಸುವ ಗುಂಡು ಕೀಲಿಗೆ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಪ್ಲೇ, ಅಂದರೆ ಸಡಿಲ, ಸಿಕ್ಕರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್, 3 ಮತ್ತು 9ರಲ್ಲಿ ಸಿಕ್ಕರೆ ಹೆಚ್ಚಾಗಿ ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್ ಎಂಡ್. ಇದನ್ನು ನೀನು ಮಾಡಬೇಡ, ಸ್ಟ್ಯಾಂಡ್ ಇಲ್ಲದೆ ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ಕೈ ಹಾಕುವುದು ನನಗೆ ಇಷ್ಟವಿಲ್ಲ. ಗ್ಯಾರೇಜಿನಲ್ಲಿ ಪಕ್ಕಕ್ಕೆ ನಿಂತು ಮಾಡಿಸು. ಬಾಲ್ ಜಾಯಿಂಟಿನಲ್ಲಿ ಪ್ಲೇ ಕಂಡರೆ ಆ ಗಾಡಿಯಲ್ಲಿ ಬೆಳಗಾವಿ ದಾರಿಯ ಖಂಬಾಟಕಿ ಘಾಟ್ ಹತ್ತುವಂತಿಲ್ಲ, ಹಬ್ಬಕ್ಕೆ ಬಸ್ಸಿನಲ್ಲಿ ಹೋಗು. ಅದು ಕಳಚಿದರೆ ಓಡುವಾಗಲೇ ಚಕ್ರ ಮಲಗಿಬಿಡುತ್ತದೆ. ಲಿಂಕ್ ರಾಡ್ ಮಾತ್ರ ಆಗಿದ್ದರೆ ಅಷ್ಟು ಭಯ ಬೇಡ, ಆದರೂ ಹೊರಡುವ ಮೊದಲು ಹಾಕಿಸಿಕೋ. ನಾನಾ ಪೇಠೆಯಲ್ಲಿ ಸಿಗುತ್ತದೆ, ಎಡ ಬಲ ಎರಡೂ ತಗೋ.

ಲೋವರ್ ಆರ್ಮ್ ಬುಷ್ ಆದರೆ ಗಾಡಿಯ ಭಾರ ಚಕ್ರದ ಮೇಲೆ ಇಳಿದ ಮೇಲೇ ಬೋಲ್ಟ್ ಪೂರ್ತಿ ಬಿಗಿಯಲು ಹೇಳು, ಜೋತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್ ಮಾಡಿಸು. ಗ್ಯಾರೇಜಿನವನ ಹತ್ತಿರ ಜಗಳ ಬೇಡ. ‘ಆಧೀ ಟ್ರಾಯಲ್ ಘ್ಯಾ’, ಮೊದಲು ಓಡಿಸಿ ನೋಡಿ, ಅಂತ ಮರಾಠಿಯಲ್ಲಿ ಹೇಳಿ ಪಕ್ಕದ ಸೀಟಿನಲ್ಲಿ ಕೂತು ಸದ್ದು ಕೇಳಿಸು.

ಶುಕ್ರವಾರದೊಳಗೆ ಗೊತ್ತಾಗದಿದ್ದರೆ ಫೋನ್ ಮಾಡು. ಶನಿವಾರ ಬೆಳಿಗ್ಗೆ ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿ ಬರುತ್ತೇನೆ, ಸ್ಟೇಷನ್ನಿಗೆ ಅದೇ ಗಾಡಿ ತಗೊಂಡು ಬಾ.

ನಿನ್ನ ದೊಡ್ಡಪ್ಪ