ಗಾಳಿಯನ್ನು ಬೈಯುವ ಮೊದಲು ಟ್ರಿಮ್ ನೋಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಹಾಸನ ಪುಟದಲ್ಲಿ ಒಂದು ಪುಟ್ಟ ಸುದ್ದಿ ಬಂದಿತ್ತು. ಇಲ್ಲಿನ ಕಾಲೇಜೊಂದರ ಹುಡುಗರು ಹಾರಿಸಿದ ಮಾದರಿ ವಿಮಾನ ‘ಜೋರು ಗಾಳಿಗೆ ಸಿಕ್ಕಿ’ ಬಿತ್ತು ಎಂದು ಬರೆದಿದ್ದೀರಿ. ಆ ಹೊತ್ತಿಗೆ ನಾನೂ ಬೇಲಿ ಪಕ್ಕ ಸ್ಕೂಟರ್ ನಿಲ್ಲಿಸಿಕೊಂಡು ನೋಡುತ್ತಿದ್ದೆ. ಗಾಳಿ ಎಲ್ಲಿತ್ತು ಸ್ವಾಮಿ? ಪಕ್ಕದ ಹೊಲದಲ್ಲಿ ಯಾರೋ ಕಸಕ್ಕೆ ಬೆಂಕಿ ಹಾಕಿದ್ದರು. ಹೊಗೆ ಕಡ್ಡಿ ನಿಲ್ಲಿಸಿದ ಹಾಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಆಷಾಢದ ಗಾಳಿ ಹೇಗಿರುತ್ತೆ ಅಂತ ಹಾಸನದವರಿಗೆ ಹೇಳಿಕೊಡಬೇಕಾಗಿಲ್ಲ. ಅವತ್ತು ಅಂಥದ್ದೇನೂ ಇರಲಿಲ್ಲ.

ನಾನು ತಕ್ಕಡಿ ರಿಪೇರಿಯವನು. ಅಂಗಡಿಯವರ ತಕ್ಕಡಿಯ ಮುಳ್ಳು ಸರಿ ಮಾಡಿ, ಇಲಾಖೆಯ ಮುದ್ರೆಗೆ ತಯಾರು ಮಾಡಿಕೊಡುವುದು ಮೂವತ್ತು ವರ್ಷದ ಕಸುಬು. ಈಗ ಎಲ್ಲ ಕಡೆ ಎಲೆಕ್ಟ್ರಾನಿಕ್ ತಕ್ಕಡಿ ಬಂದು ಕೈ ಖಾಲಿ. ಆರು ವರ್ಷದಿಂದ ಫೋಮ್ ವಿಮಾನದ ಹುಚ್ಚು ಹತ್ತಿದೆ. ಮನೆಯಾಕೆ ಇದಕ್ಕೆ ಇಟ್ಟಿರುವ ಹೆಸರು ಪತ್ರಿಕೆಯಲ್ಲಿ ಹಾಕುವಂಥದ್ದಲ್ಲ.

ಅವತ್ತು ಆಗಿದ್ದು ಇಷ್ಟು. ಒಬ್ಬ ಹುಡುಗ ಕೈಯಿಂದ ಎಸೆದ. ವಿಮಾನ ಕೂಡಲೇ ಬಲಕ್ಕೆ ವಾಲಿತು. ವಿಮಾನ ನಡೆಸುವ ರೇಡಿಯೊ (ರಿಮೋಟ್) ಹಿಡಿದವನು ಸ್ಟಿಕ್ ಎಡಕ್ಕೆ ತಳ್ಳಿದ, ಎದ್ದು ನಿಂತಿತು. ಕೈ ಸಡಿಲ ಬಿಟ್ಟ, ಮತ್ತೆ ಬಲಕ್ಕೆ. ಮೂರನೇ ಸಲ ಅವನು ಗಾಬರಿಯಾದ, ವಿಮಾನ ಮೂಗು ಕುಟ್ಟಿಕೊಂಡಿತು. ಪ್ರೊಪೆಲರ್ ಎರಡು ಚೂರು. ನಾನು ಹೋಗಿ, ‘ಆ ರೇಡಿಯೊ ಒಂದು ನಿಮಿಷ ಕೊಡಪ್ಪ’ ಎಂದೆ. ವಿಮಾನವನ್ನು ಎಡಬಲಕ್ಕೆ ವಾಲಿಸುವ ರೆಕ್ಕೆಯ ಪಟ್ಟಿಗೆ ಏಲರಾನ್ ಅಂತಾರೆ, ಆ ಪಟ್ಟಿಯನ್ನು ಚೂರು ಸರಿಸಿ ನಿಲ್ಲಿಸುವ ಹೊಂದಾಣಿಕೆಯೇ ಟ್ರಿಮ್. ಪರದೆಯ ಮೇಲೆ ಏಲರಾನ್ ಟ್ರಿಮ್ಮಿನ ಗುರುತು ನಡುವೆ ಇರುವುದು ಬಿಟ್ಟು ಬಲತುದಿಯ ಹತ್ತಿರ ಹೋಗಿ ಕೂತಿತ್ತು. ಒಂದೊಂದು ವಿಮಾನದ ಟ್ರಿಮ್ಮನ್ನು ರೇಡಿಯೊ ಅದರ ಮಾಡೆಲ್ ಹೆಸರಲ್ಲಿ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತೆ. ಪರದೆಯ ಮೇಲೆ ಇದ್ದ ಮಾಡೆಲ್ ಹೆಸರು ಅವರ ಹಳೇ ವಿಮಾನದ್ದು.

‘ಅಯ್ಯೋ, ಮಾಡೆಲ್ ಬದಲಾಯಿಸೋದೇ ಮರೆತೆವು ಅಂಕಲ್.’

‘ಹಳೇದಕ್ಕೆ ಯಾಕಪ್ಪ ಇಷ್ಟೊಂದು ಟ್ರಿಮ್?’

‘ಅದರ ರೆಕ್ಕೆ ಬಿಸಿಲಿಗೆ ತಿರುಚಿಕೊಂಡಿದೆ. ಎಡಕ್ಕೆ ಎಳೆಯುತ್ತೆ. ಟ್ರಿಮ್ ಹಾಕಿಕೊಂಡು ಹಾರಿಸ್ತಾ ಇದ್ವಿ.’

ನೋಡಿ, ಹಳೇ ವಿಮಾನದ ಸೊಟ್ಟ ರೆಕ್ಕೆ ಹೊಸ ವಿಮಾನವನ್ನು ಬೀಳಿಸಿತು. ನೀವು ಗಾಳಿಗೆ ಕೆಟ್ಟ ಹೆಸರು ತಂದಿರಿ.

ಗೊತ್ತಿಲ್ಲದವರಿಗೆ ಒಂದು ಮಾತು. ರೇಡಿಯೊದಲ್ಲಿ ಎರಡು ಸ್ಟಿಕ್ ಇರುತ್ತವೆ. ಒಂದೊಂದರ ಬದಿಗೆ, ಕೆಳಗೆ ಪುಟ್ಟ ಪುಟ್ಟ ಗುಂಡಿ, ಒಟ್ಟು ನಾಲ್ಕು. ಅವೇ ಟ್ರಿಮ್. ಒಂದು ಸಲ ಒತ್ತಿದರೆ ‘ಪೀ’ ಅನ್ನುತ್ತೆ. ಸ್ಟಿಕ್ ನಡುವೆಯೇ ಇದ್ದರೂ ರೆಕ್ಕೆಯ ಅಥವಾ ಬಾಲದ ಪಟ್ಟಿ ಒಂದು ಕೂದಲೆಳೆ ಸರಿದು ಅಲ್ಲೇ ನಿಲ್ಲುತ್ತೆ. ನಡುವಿಗೆ ಬಂದಾಗ ಸದ್ದು ಬೇರೆ ಥರ ಬರುತ್ತೆ, ಕಿವಿಯಲ್ಲೇ ಗೊತ್ತಾಗಲಿ ಅಂತ. ಥ್ರಾಟಲ್, ಅಂದರೆ ಮೋಟಾರಿನ ವೇಗದ ಟ್ರಿಮ್ಮನ್ನು ಬ್ಯಾಟರಿ ವಿಮಾನದಲ್ಲಿ ಸುಮ್ನೆ ಮುಟ್ಟಬಾರದು. ಮೇಲಕ್ಕೆ ಹೋಗಿದ್ದರೆ ಕೆಲವು ಸಲ ಮೋಟಾರ್ ಶುರುವಾಗುವುದೇ ಇಲ್ಲ.

ಟ್ರಿಮ್ ಮಾಡಬೇಕಾದ್ದು ಎತ್ತರದಲ್ಲಿ. ನಾನು ನಾಲ್ಕು ತೆಂಗಿನಮರದಷ್ಟು ಮೇಲೆ ಹೋಗುತ್ತೇನೆ. ಥ್ರಾಟಲ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟು, ಗಾಳಿಗೆ ಎದುರಾಗಿ ನೇರ ಬಿಟ್ಟು, ಒಂದೆರಡು ಕ್ಷಣ ಸ್ಟಿಕ್‌ನಿಂದ ಕೈ ತೆಗೆಯುತ್ತೇನೆ. ಮೂಗು ಇಳಿಸಿದರೆ ಎಲಿವೇಟರ್ (ಮೂಗು ಏರಿಳಿಸುವ ಬಾಲದ ಪಟ್ಟಿ) ಟ್ರಿಮ್ ಹಿಂದಕ್ಕೆ, ಎಡಕ್ಕೆ ವಾಲಿದರೆ ಏಲರಾನ್ ಟ್ರಿಮ್ ಬಲಕ್ಕೆ. ಒಂದೆರಡು ‘ಪೀ’, ಮತ್ತೆ ಕೈ ಬಿಟ್ಟು ನೋಡುವುದು. ಗುಂಡಿ ಎಲ್ಲಿದೆ ಅಂತ ತಲೆ ತಗ್ಗಿಸಿದಿರೋ, ವಿಮಾನ ಹೋಯಿತು. ಕಲಿಯುವವರಾದರೆ ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡು ಅವರ ಕೈಯಲ್ಲಿ ಒತ್ತಿಸಬೇಕು.

ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಕೆಳಗಿಳಿದ ಮೇಲೆ ಮಾಡಬೇಕಾದ್ದನ್ನು ಮಾಡುವುದಿಲ್ಲ, ಅದೇ ನನ್ನ ತಕರಾರು. ಖಾಲಿ ತಕ್ಕಡಿಯ ಒಂದು ತಟ್ಟೆ ಇಳಿದಿದ್ದರೆ ಇನ್ನೊಂದಕ್ಕೆ ಚೂರು ಕಲ್ಲು ಕಟ್ಟಿ ಮುಳ್ಳು ನಡುವೆ ತರುವ ವ್ಯಾಪಾರಿಗಳನ್ನು ನೋಡಿದ್ದೇನೆ. ಕಲ್ಲು ಇರುವ ತನಕ ತೂಕ ಸರಿಯೇ. ಅದು ಬಿದ್ದ ದಿನ ಜಗಳ. ಟ್ರಿಮ್ಮೂ ಅಂಥ ಕಲ್ಲೇ. ಇಳಿಸಿದ ಮೇಲೆ ಪಟ್ಟಿ ಎಷ್ಟು ಸರಿದಿದೆ ಅಂತ ಗುರುತು ಮಾಡಿಕೊಳ್ಳಿ. ಟ್ರಿಮ್ಮನ್ನು ನಡುವಿಗೆ ತನ್ನಿ. ಆಮೇಲೆ ಸರ್ವೊದಿಂದ (ಪಟ್ಟಿ ತಿರುಗಿಸುವ ಪುಟ್ಟ ಮೋಟಾರು) ಬರುವ ಕಡ್ಡಿಯ ತುದಿಯ ಕ್ಲೆವಿಸ್, ಅಂದರೆ ಪಟ್ಟಿಗೆ ಸಿಕ್ಕಿಸುವ ಕೊಂಡಿ, ಬಿಚ್ಚಿ, ಒಂದೆರಡು ಸುತ್ತು ತಿರುಗಿಸಿ, ಪಟ್ಟಿ ಅದೇ ಗುರುತಿಗೆ ನಿಲ್ಲುವಂತೆ ಮಾಡಿ. ಎರಡು ಮೂರು ‘ಪೀ’ ಉಳಿದರೆ ಪರವಾಗಿಲ್ಲ. ಹತ್ತು ಹದಿನೈದು ಬೇಕಾಯಿತು ಅಂದರೆ ರೆಕ್ಕೆ ತಿರುಚಿದೆಯೋ, ಬಾಲ ಓರೆ ಅಂಟಿಸಿದ್ದೀರೋ ಅಂತ ಹುಡುಕಬೇಕು.

ಬೇರೆಯವರಿಗೆ ಹೇಳುತ್ತಿದ್ದೇನೆ, ನಾನೇನು ಸಾಚಾ ಅಲ್ಲ. ನನ್ನ ಎರಡನೇ ವಿಮಾನ ಮೂಗು ಎತ್ತುತ್ತಲೇ ಇತ್ತು. ಟ್ರಿಮ್ ಮುಂದಕ್ಕೆ ಒತ್ತಿದೆ, ಒತ್ತಿದೆ, ನೆಟ್ಟಗಾಯಿತು. ಖುಷಿಯಲ್ಲಿ ಥ್ರಾಟಲ್ ಪೂರ್ತಿ ಕೊಟ್ಟೆ. ವೇಗ ಏರುತ್ತಿದ್ದ ಹಾಗೆ ಮೂಗು ಕೆಳಗೆ ಮಾಡಿಕೊಂಡು ರಾಗಿ ಕೂಳೆಗೆ ಇಳಿಯಿತು. ಬಾಲದ ಕಡೆ ಭಾರ ಜಾಸ್ತಿ ಇತ್ತು. ಅದನ್ನು ಟ್ರಿಮ್ಮಿನಿಂದ ಮುಚ್ಚಿದ್ದೆ. ವೇಗ ಜಾಸ್ತಿಯಾದರೆ ಟ್ರಿಮ್ಮಿನ ಬಲವೂ ಜಾಸ್ತಿಯಾಗುತ್ತೆ, ಭಾರ ಅಷ್ಟೇ ಇರುತ್ತೆ. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗದಲ್ಲಿ ಎರಡು ಬೆರಳು ಕೊಟ್ಟು ಎತ್ತಿದರೆ ವಿಮಾನ ಮಟ್ಟವಾಗಿ ನಿಲ್ಲಬೇಕು. ಬ್ಯಾಟರಿ ಒಂದಿಷ್ಟು ಮುಂದಕ್ಕೆ ಸರಿಸಿದ್ದರೆ ಮುಗಿಯುತ್ತಿತ್ತು. ತಕ್ಕಡಿಯವನೇ ಇದನ್ನು ನೋಡಿರಲಿಲ್ಲ! 2021ರ ಡ್ರೋನ್ ನಿಯಮ ಬಂದಮೇಲೆ ‘250 ಗ್ರಾಂ ಒಳಗಿದೆಯಾ, 2 ಕೆಜಿ ಒಳಗಿದೆಯಾ’ ಅಂತ ಎಲ್ಲರೂ ಕೇಳುತ್ತಾರೆ. ಆ ತೂಕ ಎಲ್ಲಿ ಕೂತಿದೆ ಅಂತ ಕೇಳುವವರಿಲ್ಲ.

ನಮ್ಮ ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರದವರು 36,000 ಕಿ.ಮೀ. ಮೇಲಿರುವ ಉಪಗ್ರಹಗಳನ್ನು ಆಗಾಗ ಚೂರು ಚೂರು ತಳ್ಳಿ ಜಾಗದಲ್ಲಿ ನಿಲ್ಲಿಸುತ್ತಾರೆ. 1982ರಿಂದ ಇದೇ ಊರಲ್ಲಿ ಈ ಕೆಲಸ ನಡೆದಿದೆ. ಅಲ್ಲಿ ಯಾರೂ ನೋಡದೆ ಗುಂಡಿ ಒತ್ತುವುದಿಲ್ಲ ಅಂತ ನನ್ನ ನಂಬಿಕೆ. ನಮ್ಮ ಹುಡುಗರೂ ಎಸೆಯುವ ಮುಂಚೆ ಒಬ್ಬ ಗಟ್ಟಿಯಾಗಿ ಓದಲಿ: ಮಾಡೆಲ್ ಹೆಸರು, ನಾಲ್ಕು ಟ್ರಿಮ್, ಸ್ಟಿಕ್ ತಳ್ಳಿದಾಗ ಪಟ್ಟಿ ಸರಿಯಾದ ದಿಕ್ಕಿಗೇ ತಿರುಗುತ್ತಿದೆಯಾ ಅಂತ. ಅರ್ಧ ನಿಮಿಷ ಸಾಕು, ಅಲ್ವಾ? ಕಲಿಸುವ ಮೇಷ್ಟ್ರುಗಳು ಇದನ್ನು ಮೊದಲ ದಿನವೇ ಹೇಳಿಕೊಡಲಿ. ನಿಮ್ಮ ವರದಿಗಾರರೂ ಮುಂದಿನ ಸಲ ಗಾಳಿ ಅಂತ ಬರೆಯುವ ಮುಂಚೆ ರೇಡಿಯೊ ಹಿಡಿದವನನ್ನು ಒಂದು ಮಾತು ಕೇಳಲಿ.

ಭಾನುವಾರ ಆ ಹುಡುಗರು ಹಳೇ ರೆಕ್ಕೆಯನ್ನು ನನ್ನ ಅಂಗಡಿಗೆ ತಂದಿದ್ದರು. ಬಿಸಿನೀರು ಹಾಕಿ, ತಿರುಚಿದ್ದನ್ನು ಬಿಡಿಸಿ, ಹಲಗೆಯ ಮೇಲೆ ಮಲಗಿಸಿ ಐದು ಕೆಜಿಯ ತೂಕದ ಬಟ್ಟು ಹೇರಿಟ್ಟಿದ್ದೇನೆ. ಎಷ್ಟು ನೆಟ್ಟಗಾಗುತ್ತೋ ನಾಳೆ ತೆಗೆದು ನೋಡಬೇಕು.

ಇಂತಿ,
ಒಬ್ಬ ತಕ್ಕಡಿ ರಿಪೇರಿಯವನು, ಹಾಸನ