ನಿಲ್ಲೋದನ್ನ ಮೊದಲು ಕಲಿಸು

ಪುಟ್ಟಿ,

ಕಾಲೇಜಿನ ಎನ್‌ಸಿಸಿ ಡ್ರಿಲ್ ತಂಡಕ್ಕೆ ಈ ವರ್ಷ ನೀನೇ ಕಮಾಂಡರ್ ಅಂದೆಯಲ್ಲ, ಒಂದು ಸಲ ಕ್ಯಾಲೆಂಡರ್ ನೋಡು. ಆಗಸ್ಟ್ 15, ಆಮೇಲೆ ಹತ್ತು ದಿನದ ಕ್ಯಾಂಪ್, ನವೆಂಬರ್ 1ರ ರಾಜ್ಯೋತ್ಸವ, ಅದೇ ತಿಂಗಳ ನಾಲ್ಕನೇ ಭಾನುವಾರ ಎನ್‌ಸಿಸಿ ದಿನ, ಕ್ರೀಡಾಕೂಟ, ಫೆಸ್ಟ್, ಜನವರಿ 26. ಅದು ಮುಗಿಯೋಷ್ಟರಲ್ಲಿ ಬಿ, ಸಿ ಸರ್ಟಿಫಿಕೇಟ್ ಪರೀಕ್ಷೆ ತಲೆ ಮೇಲೆ. ಇಷ್ಟು ಕಾರ್ಯಕ್ರಮ ಇದ್ದಾಗ ಹುಡುಗಿಯರು ಹೊಸ ಐಟಂ ಸೇರಿಸೋಣ ಅಂತಾರೆ. ನೀನು ಮಾತ್ರ ನಿಲ್ಲೋದನ್ನ ಮೊದಲು ಸರಿಮಾಡಿಸು. ನಡೆಯುವಾಗ ಆಗುವ ತಪ್ಪು ನಡಿಗೆಯಲ್ಲೇ ಮುಚ್ಚಿಹೋಗುತ್ತೆ, ನಿಂತಾಗಿನದು ಮುಚ್ಚಲ್ಲ.

ಮೊದಲ ಕೆಲಸ ಎತ್ತರದ ಪ್ರಕಾರ ಜೋಡಿಸೋದು. 'ಲಂಬಾ ದಾಹಿನೇ, ಛೋಟಾ ಬಾಯೇ' (ಎತ್ತರದವರು ಬಲಕ್ಕೆ, ಗಿಡ್ಡ ಇರುವವರು ಎಡಕ್ಕೆ) ಅಂತ ಒಂದೇ ಸಾಲು ಮಾಡಿ, ವಿಷಮ್‌-ಸಮ್‌ (ಬೆಸ-ಸರಿ) ನಂಬರ್ ಹೇಳಿಸಿ ಮೂರು ಸಾಲಿಗೆ ಬಿಟ್ಟರೆ ಎತ್ತರದವರು ಎರಡೂ ತುದಿಗೆ, ಗಿಡ್ಡ ಇರುವವರು ನಡುವೆ ಬರ್ತಾರೆ. ಇದನ್ನ ಡ್ರಿಲ್ ಬೂಟು ಹಾಕಿಕೊಂಡೇ ಮಾಡಿಸು. ಚಪ್ಪಲಿಯಲ್ಲಿ ಅಳೆದ ಎತ್ತರ ಬೂಟಿನಲ್ಲಿ ಸುಳ್ಳಾಗುತ್ತೆ. ಸಂಖ್ಯೆ ಮೂರರಿಂದ ಭಾಗವಾಗದಿದ್ದರೆ ಖಾಲಿ ಜಾಗ ಎಡದಿಂದ ಎರಡನೇ ಫೈಲ್‌ನಲ್ಲಿ (ಒಬ್ಬರ ಹಿಂದೊಬ್ಬರು ನಿಲ್ಲೋ ಸಾಲು) ಇರಲಿ. ಯಾರಿಗಾದರೂ ಜ್ವರ ಬಂದು ಬಿಟ್ಟುಹೋದರೆ ಹಿಂದಿನವಳನ್ನ ಆ ತೂತಿಗೆ ತುಂಬಬೇಡ. ಇಡೀ ತಂಡವನ್ನ ಹೊಸದಾಗಿ ಜೋಡಿಸು, ಐದು ನಿಮಿಷದ ಕೆಲಸ.

ಸಾವಧಾನ್‌ನಲ್ಲಿ, ಅಂದರೆ ಅಲುಗಾಡದೆ ನೆಟ್ಟಗೆ ನಿಂತಾಗ, ಹಿಮ್ಮಡಿ ಕೂಡಿರಬೇಕು, ಪಾದಗಳ ನಡುವೆ 30 ಡಿಗ್ರಿ ಕೋನ. ವಿಶ್ರಾಮ್‌ನಲ್ಲಿ, ಅಂದರೆ ಕಾಲು ಅಗಲಿಸಿ ಆರಾಮಾಗಿ ನಿಂತಾಗ, 12 ಇಂಚು ಅಂತರ. ಸುಸ್ತಾದಂತೆ ಆ 30 ಡಿಗ್ರಿ 45 ಆಗುತ್ತೆ, ಆಗ ಮೊಣಕಾಲು ಹೊರಗೆ ತಿರುಗಿ ಸಾಲು ಅಂಕುಡೊಂಕಾಗಿ ಕಾಣುತ್ತೆ. ಚಾಕ್‌ಪೀಸಿನಲ್ಲಿ ನೆಲದ ಮೇಲೆ ಗೆರೆ ಎಳೆದು ಒಂದು ವಾರ ಅದರ ಮೇಲೇ ನಿಲ್ಲಿಸು.

ಮಾಣೆಕ್‌ ಷಾ ಪರೇಡ್ ಮೈದಾನದಲ್ಲಿ (ಬೆಂಗಳೂರಿನಲ್ಲಿ ಆಗಸ್ಟ್ 15, ಜನವರಿ 26ರ ಪರೇಡ್ ನಡೆಯೋ ಜಾಗ) ಕಾಯೋದೇ ದೊಡ್ಡ ಕಷ್ಟ. ಭದ್ರತಾ ತಪಾಸಣೆಗೆ ನಸುಕಿನಲ್ಲೇ ಒಳಗೆ ಹೋಗಬೇಕು, ಆಮೇಲೆ ಬಿಸಿಲಾಗಲಿ ಸೋನೆಯಾಗಲಿ ನಿಂತಿರಬೇಕು. ಮೊಣಕಾಲು ಬಿಗಿಯಾಗಿ ಹಿಂದಕ್ಕೆ ಒತ್ತಿ ನಿಂತವರೇ ಹೆಚ್ಚಾಗಿ ತಲೆಸುತ್ತಿ ಬೀಳೋದು. ಅಲ್ಲಾಡದ ಕಾಲಿನಲ್ಲಿ ರಕ್ತ ಕೆಳಗೇ ನಿಂತು ಮಿದುಳಿಗೆ ಸಾಲದಾಗುತ್ತೆ. ಮೊಣಕಾಲು ಕೂದಲೆಳೆಯಷ್ಟು ಸಡಿಲ ಇರಲಿ, ಭಾರ ಹಿಮ್ಮಡಿಯಿಂದ ಸ್ವಲ್ಪ ಮುಂದಕ್ಕೆ ಬರಲಿ, ಬೂಟಿನೊಳಗೆ ಬೆರಳು ಮಡಚಿ ಬಿಚ್ಚುತ್ತಿರಲಿ, ಮೀನಖಂಡ ಬಿಗಿಹಿಡಿದು ಬಿಡುತ್ತಿರಲಿ. ಹೊರಗೆ ಯಾರಿಗೂ ಕಾಣಲ್ಲ. ಎರಡು ಇಡ್ಲಿಯಾದರೂ ತಿನ್ನದೆ ಯಾರೂ ಮೈದಾನಕ್ಕೆ ಇಳಿಯಕೂಡದು, ಇದನ್ನ ನೀನೇ ಕೇಳಿ ಖಾತ್ರಿ ಮಾಡಿಕೋ. ಕಣ್ಣು ಮಂಜಾದರೆ ಒಂದು ಮಂಡಿ ಊರಿ ಕೂರಬೇಕು ಅಂತ ಮೊದಲೇ ಹೇಳಿರು. ಮರ್ಯಾದೆ ಅಂತ ತಡೆದುಕೊಂಡವಳು ಮುಖ ಅಡಿಯಾಗಿ ಬೀಳ್ತಾಳೆ, ಹಲ್ಲು ಹೋಗುತ್ತೆ. ಪಕ್ಕದವಳು ಬಿದ್ದರೆ ಉಳಿದವರು ಅಲುಗಾಡಬಾರದು, ಎತ್ತೋಕೆ ಹಿಂದೆ ಬೇರೆಯವರು ಇರ್ತಾರೆ.

ಇನ್ನು ನಡಿಗೆ. ಸೇನೆಯ ತೇಜ್ ಚಲ್ (ಬಿರುಸು ನಡಿಗೆ) ಲೆಕ್ಕ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆ 30 ಇಂಚು. ಅಂದರೆ ನಿಮಿಷಕ್ಕೆ 300 ಅಡಿ. ಹುಡುಗಿಯರ ತಂಡಕ್ಕೆ ವೇಗ ಸ್ವಲ್ಪ ಕಡಿಮೆ, ನಿಮ್ಮ ಪಿಐ ಸ್ಟಾಫ್ (ಡ್ರಿಲ್ ಕಲಿಸೋ ಸೇನೆಯವರು) ಹೇಳಿದ್ದನ್ನೇ ಮೊಬೈಲ್ ಮೆಟ್ರೊನೋಮ್‌ನಲ್ಲಿ (ತಾಳ ಹಾಕೋ ಆ್ಯಪ್) ಹಾಕಿ ಅಭ್ಯಾಸ ಮಾಡಿ. ಗಿಡ್ಡ ಹುಡುಗಿಗೆ 30 ಇಂಚು ಎಳೆದಂತಾಗುತ್ತೆ, ಎತ್ತರದವಳಿಗೆ ಕುಗ್ಗಿದಂತೆ. ಅದಕ್ಕೇ ಸಾಲಿನ ಮಧ್ಯ ಹಿಂದೆ ಬೀಳೋದು.

ಬ್ಯಾಂಡ್ ಜೊತೆ ನಡೆಯುವಾಗ ಕಿವಿಯನ್ನ ಪೂರ್ತಿ ನಂಬಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಬ್ಯಾಂಡ್ 85 ಮೀಟರ್ ದೂರ ಇದ್ದರೆ ಡ್ರಮ್ಮಿನ ಪೆಟ್ಟು ಕಾಲು ಸೆಕೆಂಡ್ ತಡವಾಗಿ ಸಿಗುತ್ತೆ, 120ರ ವೇಗದಲ್ಲಿ ಅದು ಅರ್ಧ ಹೆಜ್ಜೆ. ಬ್ಯಾಂಡ್ ಮುಂದಿದ್ದರೆ ಹಿಂದಿನ ಸಾಲಿನವಳು ತಾನು ಕೇಳಿದ ತಾಳಕ್ಕೆ ಸರಿಯಾಗೇ ಕಾಲಿಟ್ಟರೂ ಮುಂದಿನವಳಿಗಿಂತ ತಡ. ಅದಕ್ಕೆ ಹಿಂದಿನವರಿಗೆ ಎದುರಿನವಳ ಹಿಮ್ಮಡಿಯೇ ತಾಳ.

ವೇದಿಕೆ ಹತ್ತಿರ 'ದಾಹಿನೇ ದೇಖ್' (ಬಲಕ್ಕೆ ನೋಡಿ ಗೌರವ ಸಲ್ಲಿಸೋ ಹುಕುಂ) ಆದಾಗ ಬಲತುದಿಯ ಫೈಲ್ ತಲೆ ತಿರುಗಿಸಬಾರದು, ನೇರ ನೋಡುತ್ತಲೇ ಇರಬೇಕು. ದಿಕ್ಕು ಹಿಡಿದಿರೋದು ಅವರೇ. ಉಳಿದವರ ತಲೆ ಬಲಕ್ಕೆ ತಿರುಗಿದ ತಕ್ಷಣ ಹೆಗಲೂ ಹಿಂದೆಯೇ ತಿರುಗುತ್ತೆ, ನಾಲ್ಕೇ ಹೆಜ್ಜೆಯಲ್ಲಿ ಇಡೀ ತಂಡ ವೇದಿಕೆ ಕಡೆ ಜಾರುತ್ತೆ. ತಲೆ ಮಾತ್ರ ತಿರುಗಿಸಿ ಹೆಗಲು ಹಿಡಿಯೋದನ್ನ ಗೋಡೆಗೆ ಬೆನ್ನು ಕೊಟ್ಟು ಕಲಿಸು.

ನಿನ್ನ ಗಂಟಲಿನ ವಿಷಯ. ಹುಕುಂ ಎರಡು ಭಾಗ, ಮೊದಲರ್ಧ ಎಳೆದು ಹೇಳು, ಎರಡನೆಯದು ಮೊಟಕಾಗಿ, ಸ್ವಲ್ಪ ಎತ್ತರದ ದನಿಯಲ್ಲಿ. ನಡುವೆ ಬಿಡುವು ಪ್ರತಿಸಲ ಒಂದೇ ಅಳತೆ ಇರಲಿ. ಒಂದು ದಿನ ಎರಡು ಹೆಜ್ಜೆ, ಇನ್ನೊಂದು ದಿನ ನಾಲ್ಕು ಹೆಜ್ಜೆ ಬಿಟ್ಟರೆ ತಂಡ ಊಹಿಸೋಕೆ ಶುರುಮಾಡುತ್ತೆ. 'ಥಮ್' (ನಿಲ್ಲು) ಅಂದಾಗ ಒಂದು ಸದ್ದಿನ ಬದಲು ಪಟಪಟ ಅಂತ ಹತ್ತು ಸದ್ದು ಬರೋದು ಅದಕ್ಕೇ. ತಪ್ಪು ಕಾಲಿನ ಮೇಲೆ ಹುಕುಂ ಬಿದ್ದರೂ ಅಷ್ಟೇ. ಹೊಟ್ಟೆಯಿಂದ ಕೂಗು, ಗಂಟಲಿಂದ ಬೇಡ, ರಿಹರ್ಸಲ್ ಮೂರನೇ ದಿನಕ್ಕೇ ದನಿ ಬಿದ್ದುಹೋಗುತ್ತೆ.

ಫೆಸ್ಟ್‌ನವರು ಸೈಲೆಂಟ್ ಡ್ರಿಲ್ ಕೇಳ್ತಾರೆ, ರೈಫಲ್ ತಿರುಗಿಸಿ ಅಂತಾರೆ. ಹುಕುಂ ಇಲ್ಲದೆ ಮನಸ್ಸಿನ ಎಣಿಕೆಯಲ್ಲೇ ನಡೆಯೋದು ಚೆಂದವೇ, ಆದರೆ ಎಣಿಕೆ ಯಾವಾಗಲೂ ಎಡಗಾಲಿನಿಂದಲೇ ಶುರುವಾಗಬೇಕು. ರೈಫಲ್ ತಿರುಗಿಸೋ ಚಮತ್ಕಾರ ನನಗೆ ಅಷ್ಟಕ್ಕಷ್ಟೆ. ಪಾಯಿಂಟ್ ಮೂರು ಸೊನ್ನೆ ಮೂರು ರೈಫಲ್ ನಾಲ್ಕು ಕಿಲೋ ಹತ್ತಿರ ತೂಗುತ್ತೆ, ಮಣಿಕಟ್ಟು ಗಟ್ಟಿಯಾಗದೆ ತಿರುಗಿಸಿದರೆ ಪಕ್ಕದವಳ ಮೊಣಕೈಗೆ ಏಟು ಗ್ಯಾರಂಟಿ.

ಕಾಲು ಬಡಿಯೋ ಅಭ್ಯಾಸ ಕಾಂಕ್ರೀಟಿನ ಮೇಲೆ ದಿನಾ ಬೇಡ. ಮೊಣಕಾಲ ಕೆಳಗಿನ ಮೂಳೆ ಒಳಗಡೆ ನೋಯೋಕೆ ಶುರುವಾದರೆ ಆ ಹುಡುಗಿಯನ್ನ ಕೂರಿಸು, ಅದು ಬಿರುಕಾದರೆ ಜನವರಿಯ ಆಸೆ ಬಿಡಬೇಕಾಗುತ್ತೆ. ಹಾಗೇ ಎಲ್ಲರ ಬೂಟಿನ ಹಿಮ್ಮಡಿ ಲಾಳ ನೋಡು. ಸವೆದು ಮೊಳೆ ಮೇಲೆದ್ದಿದ್ದರೆ ಒದ್ದೆ ನೆಲದಲ್ಲಿ ಜಾರುತ್ತೆ. ಆಗಸ್ಟಿನ ಮಳೆಯಲ್ಲಂತೂ ಖಂಡಿತ. ಅದಕ್ಕೆ ಮೊದಲೇ ರಿಪೇರಿಗೆ ಕೊಡಿಸಿಬಿಡು. ಒಡಿ (ಆನ್ ಡ್ಯೂಟಿ) ಪತ್ರಗಳನ್ನ ಪ್ರತಿ ಕಾರ್ಯಕ್ರಮದ ವಾರದೊಳಗೇ ಆಫೀಸಿಗೆ ಕೊಟ್ಟು ಅಟೆಂಡೆನ್ಸ್ ಹಾಕಿಸಿಕೋ, ಕೊನೆಗೆ ಒಟ್ಟಿಗೆ ಕೊಡ್ತೀನಿ ಅಂದರೆ ಯಾರೂ ತಗೊಳಲ್ಲ.

ನಿನ್ನ ಅಪ್ಪ